ಸಂಘದ ಚುನಾವಣೆಗೆ ಆನ್‌ಲೈನ್ ಮತದಾನ: ಯಾವ ಸಾಫ್ಟ್‌ವೇರ್ ಆರಿಸೋಣ?

ಪ್ರಶ್ನೆ (ಸಂಘದ ಕಾರ್ಯದರ್ಶಿ): ಎಲ್ಲರಿಗೂ ನಮಸ್ಕಾರ. ನಮ್ಮದು ವೃತ್ತಿಪರರ ಸಂಘ. ಸದಸ್ಯರು ಸಾವಿರಕ್ಕೂ ಜಾಸ್ತಿ, ಬೇರೆ ಬೇರೆ ಊರುಗಳಲ್ಲಿ ಇದ್ದಾರೆ. ಇಷ್ಟು ವರ್ಷ ವಾರ್ಷಿಕ ಸಭೆಯಲ್ಲಿ ಚೀಟಿ ಹಾಕಿ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಿದ್ದೆವು. ಸಭೆಗೆ ಬರುವವರೇ ಕಡಿಮೆ. ಅದಕ್ಕೇ ಈ ಸಲ ಆನ್‌ಲೈನ್ ಮಾಡೋಣ ಅಂತ ತೀರ್ಮಾನವಾಗಿದೆ. ಮೂರು ಕಂಪನಿಗಳು ಡೆಮೊ ಕೊಟ್ಟವು, ಮೂರೂ ಚೆನ್ನಾಗೇ ಕಾಣುತ್ತವೆ. ಗೂಗಲ್ ಫಾರ್ಮ್ ಸಾಕು ಅನ್ನುವವರೂ ಇದ್ದಾರೆ. ಏನನ್ನು ನೋಡಿ ಆರಿಸಬೇಕು, ಇಂಥ ಚುನಾವಣೆ ನಡೆಸಿ ಗೊತ್ತಿರುವವರು ಹೇಳ್ತೀರಾ?

ಉತ್ತರ (ಚುನಾವಣಾ ಸಲಹೆಗಾರರು): ನಮಸ್ಕಾರ ಸರ್. ಡೆಮೊದಲ್ಲಿ ಎಲ್ಲರೂ ತೋರಿಸುವುದು ಮತ ಹಾಕುವ ಪರದೆಯನ್ನು. ಅದು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೂವರಿಗೂ ಈ ಪ್ರಶ್ನೆ ಹಾಕಿ ನೋಡಿ: ನಾಲ್ಕೇ ಮತದಿಂದ ಸೋತ ಅಭ್ಯರ್ಥಿ ಮಾರನೇ ದಿನ ಬಂದು "ಎಣಿಕೆ ಸರಿಯಿದೆ ಅಂತ ತೋರಿಸಿ" ಅಂದರೆ ನಾವು ಅವರ ಮುಂದೆ ಏನನ್ನು ಇಡಬಹುದು? ಗೆದ್ದವರು ಯಾವ ಸಾಫ್ಟ್‌ವೇರನ್ನಾದರೂ ಒಪ್ಪುತ್ತಾರೆ. ಸೋತವರೂ ಒಪ್ಪುವಂಥದ್ದು ನಿಮಗೆ ಬೇಕು.

ಗೂಗಲ್ ಫಾರ್ಮ್ ಈ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ಫಾರ್ಮ್ ಮಾಡಿದವರಿಗೆ ಉತ್ತರಗಳು ಬಂದ ಹಾಗೆಲ್ಲ ಕಾಣುತ್ತವೆ. ಬೇಕಾದರೆ ಅಳಿಸಲೂಬಹುದು. ಯಾರು ಮುಂದಿದ್ದಾರೆ ಅಂತ ಅರ್ಧ ದಾರಿಯಲ್ಲೇ ಒಬ್ಬರಿಗೆ ಗೊತ್ತಾಗಿಬಿಟ್ಟರೆ ಪ್ರಚಾರದ ರೀತಿಯೇ ಬದಲಾಗುತ್ತದೆ. ಇಮೇಲ್ ವಿಳಾಸ ತೆಗೆದುಕೊಂಡರೆ ಗುಟ್ಟು ಉಳಿಯುವುದಿಲ್ಲ, ತೆಗೆದುಕೊಳ್ಳದಿದ್ದರೆ ಮತ ಹಾಕಿದವರು ಸದಸ್ಯರೇ ಅಂತ ಹೇಳಲಾಗುವುದಿಲ್ಲ. ಸಭೆಯ ದಿನಾಂಕ ಗೊತ್ತುಮಾಡಲು ಅದು ಸಾಕು, ಪದಾಧಿಕಾರಿಗಳನ್ನು ಆರಿಸಲು ಸಾಲದು.

ಗುಟ್ಟಿನ ವಿಷಯವನ್ನು ಸ್ವಲ್ಪ ಕೆದಕಿ ಕೇಳಿ. "ನಮ್ಮದು ಗುಪ್ತ ಮತದಾನ" ಅಂತ ಎಲ್ಲರೂ ಹೇಳುತ್ತಾರೆ. ಯಾರಿಂದ ಗುಪ್ತ? ಬೇರೆ ಸದಸ್ಯರಿಂದ ಮಾತ್ರವಾ, ಚುನಾವಣಾಧಿಕಾರಿಯಿಂದಲೂನಾ, ಕಂಪನಿಯ ಸಿಬ್ಬಂದಿಯಿಂದಲೂನಾ? ಯಾರು ಮತ ಹಾಕಿದರು ಅನ್ನುವ ಪಟ್ಟಿಯೂ ಯಾವ ಮತ ಬಿತ್ತು ಅನ್ನುವ ಪಟ್ಟಿಯೂ ಬೇರೆ ಬೇರೆ ಇರಬೇಕು. ಎರಡರಲ್ಲೂ ನಿಖರವಾದ ಸಮಯ ದಾಖಲಾಗಿದ್ದರೆ ಪಕ್ಕಪಕ್ಕ ಇಟ್ಟು ಯಾರದು ಯಾವ ಮತ ಅಂತ ಜೋಡಿಸಿಬಿಡಬಹುದು. ಇನ್ನೊಂದು ವಿಷಯ ತುಂಬ ಜನರಿಗೆ ಹೊಳೆಯುವುದೇ ಇಲ್ಲ. ಫಲಿತಾಂಶವನ್ನು ಶಾಖೆವಾರು ಪ್ರಕಟಿಸಿದರೆ, ಐದೇ ಜನ ಇರುವ ಶಾಖೆಯಲ್ಲಿ ಐದೂ ಮತ ಒಬ್ಬರಿಗೇ ಬಿದ್ದಾಗ ಆ ಐವರ ಗುಟ್ಟೂ ಬಯಲು. ಸದಸ್ಯರಾಗಿರುವ ಸಂಸ್ಥೆಗಳಿಗೆ ಒಂದಕ್ಕಿಂತ ಹೆಚ್ಚು ಮತ ಕೊಡುವ ಸಂಘಗಳಲ್ಲೂ ಇದೇ ತೊಂದರೆ. ಹತ್ತು ಮತದ ತೂಕ ಇರುವವರು ಒಬ್ಬರೇ ಆಗಿದ್ದರೆ ಅವರ ಮತ ಎಲ್ಲಿಗೆ ಹೋಯಿತು ಅಂತ ಊಹಿಸುವುದು ಕಷ್ಟವೇನಲ್ಲ.

ಮೊದಲು ನಿಮ್ಮ ಬೈಲಾ ತೆಗೆದು ಓದಿ. ಆನ್‌ಲೈನ್ ಮತದಾನಕ್ಕೆ ಅದರಲ್ಲಿ ಅವಕಾಶ ಇಲ್ಲದಿದ್ದರೆ ತಿದ್ದುಪಡಿ ಆಗುವವರೆಗೆ ಯಾವ ಕಂಪನಿಗೂ ಮುಂಗಡ ಕೊಡಬೇಡಿ.

ಪ್ರಶ್ನೆ (ಕಾರ್ಯದರ್ಶಿ): ತುಂಬ ಉಪಯೋಗವಾಯಿತು ಮೇಡಂ. ಸೋತವರಿಗೆ ತೋರಿಸುವುದು ಅಂದಿರಿ. ಅದನ್ನು ನಿಜವಾಗಿ ತೋರಿಸುವ ಸಾಫ್ಟ್‌ವೇರ್ ಇದೆಯಾ?

ಉತ್ತರ: ಇದೆ. ಹೀಲಿಯೋಸ್ ಅಂತ ಒಂದು, 2008ರಲ್ಲಿ ಬಂದದ್ದು. ಫ್ರಾನ್ಸಿನ ಸಂಶೋಧಕರು ಮಾಡಿರುವ ಬೆಲೆನಿಯೋಸ್ ಇನ್ನೊಂದು. ಎರಡರ ಕೋಡೂ ಮುಕ್ತವಾಗಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮ ಮತ ನಿಮ್ಮ ಬ್ರೌಸರ್‌ನಲ್ಲೇ ಗೂಢಲಿಪಿಯಾಗಿ ಹೊರಡುತ್ತದೆ. ನಿಮ್ಮ ಕೈಗೆ ಒಂದು ಟ್ರ್ಯಾಕಿಂಗ್ ಸಂಖ್ಯೆ ಸಿಗುತ್ತದೆ. ಬಂದ ಮತಗಳ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯಾ ಅಂತ ನೀವೇ ನೋಡಬಹುದು, ಯಾರಿಗೆ ಹಾಕಿದಿರಿ ಅನ್ನುವುದು ಮಾತ್ರ ಅದರಿಂದ ಗೊತ್ತಾಗುವುದಿಲ್ಲ. ಒಂದೊಂದೇ ಮತವನ್ನು ಬಿಚ್ಚದೆ ಮೊತ್ತವನ್ನಷ್ಟೇ ಬಿಚ್ಚುವ ಗಣಿತ ಇದರಲ್ಲಿದೆ. ಆ ಲೆಕ್ಕ ಸರಿಯಾ ಅಂತ ಹೊರಗಿನವರೂ ತಾಳೆ ನೋಡಬಹುದು.

ಕೊನೆಗೆ ಆ ಮೊತ್ತವನ್ನು ಬಿಚ್ಚಲು ಕೀಲಿ, ಅಂದರೆ ಕಂಪ್ಯೂಟರಿನ ಒಂದು ಗುಪ್ತ ಸಂಕೇತ, ಬೇಕು. ಅದನ್ನು ಒಬ್ಬರ ಕೈಯಲ್ಲಿ ಕೊಡದೆ ಕೆಲವರಿಗೆ ಹಂಚಿರುತ್ತಾರೆ. ಇಲ್ಲಿ ಬಹಳ ಎಚ್ಚರ ಬೇಕು. ಗೂಢಲಿಪಿ ಶಾಸ್ತ್ರದ ವಿದ್ವಾಂಸರದೇ ಒಂದು ಅಂತರರಾಷ್ಟ್ರೀಯ ಸಂಘವಿದೆ, ಐಎಸಿಆರ್ ಅಂತ. ಅವರು ತಮ್ಮ ಚುನಾವಣೆಗೆ ಹೀಲಿಯೋಸನ್ನೇ ಬಳಸುತ್ತಾರೆ. 2025ರಲ್ಲಿ ಕೀಲಿ ಮೂವರ ಬಳಿ ಇತ್ತು, ಎಣಿಕೆಗೆ ಮೂವರದೂ ಬೇಕಿತ್ತು. ಒಬ್ಬರ ಕೀಲಿ ಕಳೆದುಹೋಯಿತು. ಮತಗಳೆಲ್ಲ ಸುರಕ್ಷಿತವಾಗಿದ್ದರೂ ಫಲಿತಾಂಶ ತೆಗೆಯಲಾಗದೆ ಮತ್ತೆ ಚುನಾವಣೆ ನಡೆಸಬೇಕಾಯಿತು. ಅಷ್ಟು ತಿಳಿದವರ ನಡುವೆಯೇ ಹೀಗಾಗಿದೆ. ಆಮೇಲೆ ಅವರು ಮೂವರಲ್ಲಿ ಯಾರಾದರೂ ಇಬ್ಬರ ಕೀಲಿ ಸಾಕು ಅನ್ನುವ ವ್ಯವಸ್ಥೆಗೆ ಹೋದರು. ನೀವು ಮೊದಲೇ ಹಾಗೆ ಮಾಡಿಕೊಳ್ಳಿ. ಕೀಲಿ ಹಿಡಿಯುವವರು ಒಂದೇ ಗುಂಪಿನವರು ಆಗದಿರಲಿ. ಅಭ್ಯರ್ಥಿಗಳಂತೂ ಬೇಡವೇ ಬೇಡ.

ಇಷ್ಟೆಲ್ಲ ನಡೆಸಲು ನಿಮ್ಮಲ್ಲಿ ಜನ ಇಲ್ಲದಿದ್ದರೆ ಒಳ್ಳೆಯ ಕಂಪನಿಯ ಸೇವೆ ತೆಗೆದುಕೊಳ್ಳುವುದು ತಪ್ಪೇನಲ್ಲ. ಆಗ ಅವರು ಮುಗಿದ ಮೇಲೆ ಏನು ಕೊಡುತ್ತಾರೆ ಅಂತ ಬರಹದಲ್ಲಿ ಪಡೆಯಿರಿ. ಹೆಸರಿಲ್ಲದ ಎಲ್ಲ ಮತಪತ್ರಗಳ ಪ್ರತಿ, ಯಾರು ಯಾವಾಗ ಲಾಗಿನ್ ಆಗಿ ಏನು ಬದಲಾಯಿಸಿದರು ಅನ್ನುವ ದಾಖಲೆ, ಮಾಹಿತಿಯನ್ನು ಯಾವಾಗ ಅಳಿಸುತ್ತಾರೆ ಅನ್ನುವ ಒಪ್ಪಂದ, ಇವು ಬೇಕೇ ಬೇಕು. ಮತದಾನ ಶುರುವಾದ ಮೇಲೆ ಮತಪತ್ರವನ್ನು ಯಾರೂ ತಿದ್ದಲಾಗದಂತೆ ಬೀಗ ಬೀಳುತ್ತದಾ ಅಂತಲೂ ಕೇಳಿ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಸಂಘದಲ್ಲೇ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದಾರೆ. ಪುಕ್ಕಟೆಯಾಗಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಒಂದು ಕಂಪನಿ ತಮ್ಮದು ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಪ್ರತಿ ಇರುವ, ಒಮ್ಮೆ ಬರೆದರೆ ತಿದ್ದುವುದು ಬಹಳ ಕಷ್ಟವಾದ ದಾಖಲೆ), ಅದಕ್ಕೇ ಯಾರೂ ಮುಟ್ಟಲಾಗದು ಅನ್ನುತ್ತದೆ. ಏನು ಹೇಳ್ತೀರಿ?

ಉತ್ತರ: ಆ ಇಂಜಿನಿಯರ್ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ, ಅನುಮಾನವಿಲ್ಲ. ಆದರೂ ಬೇಡ. ಅವರೂ ಮತದಾರರು, ಅವರಿಗೂ ಗೆಳೆಯರಿದ್ದಾರೆ. ಸೋತವರು ಬೆರಳು ತೋರಿಸಿದರೆ ತಾವು ಪ್ರಾಮಾಣಿಕರು ಅಂತ ಸಾಬೀತು ಮಾಡಲು ಅವರ ಬಳಿ ಏನೂ ಇರುವುದಿಲ್ಲ. ಅಂಥ ಜಾಗದಲ್ಲಿ ಒಬ್ಬ ಸದಸ್ಯರನ್ನು ನಿಲ್ಲಿಸುವುದು ಅವರಿಗೇ ಅನ್ಯಾಯ. ಅವರ ಜಾಣ್ಮೆಯನ್ನು ಕಂಪನಿಗಳಿಗೆ ಪ್ರಶ್ನೆ ಕೇಳಲು ಬಳಸಿಕೊಳ್ಳಿ.

ಬ್ಲಾಕ್‌ಚೈನ್ ಕಾಯುವುದು ದಾಖಲಾದ ಮತವನ್ನು. ಮತ ಅಲ್ಲಿಗೆ ತಲುಪುವ ಮುಂಚೆ ಮೊಬೈಲ್‌ನಲ್ಲೋ ಸರ್ವರ್‌ನಲ್ಲೋ ಬದಲಾದರೆ ತಪ್ಪು ಮತವೇ ಭದ್ರವಾಗಿ ಕೂತಿರುತ್ತದೆ. ಬ್ಲಾಕ್‌ಚೈನ್ ಹೆಸರಿನಲ್ಲಿ ಬಂದ ವೋಟ್ಸ್ ಅನ್ನುವ ಆ್ಯಪನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ್ದರು. ದಾಳಿ ಮಾಡುವವರು ಮತವನ್ನು ಬದಲಿಸಲು, ತಡೆಯಲು, ಬಯಲು ಮಾಡಲು ಸಾಧ್ಯವಿದೆ ಅಂತ 2020ರಲ್ಲಿ ತೋರಿಸಿದರು. ಆ ಪದ ಕೇಳಿ ಮರುಳಾಗಬೇಡಿ.

ಪ್ರಶ್ನೆ (ಕಾರ್ಯದರ್ಶಿ): ಕೊನೆಯದೊಂದು. ಮನೆಯಲ್ಲಿ ಒಬ್ಬರ ಮತವನ್ನು ಇನ್ನೊಬ್ಬರು ಹಾಕಿಬಿಟ್ಟರೆ? ಇಂಟರ್‌ನೆಟ್ ಬಳಸದ ಹಿರಿಯ ಸದಸ್ಯರು ಏನು ಮಾಡಬೇಕು?

ಉತ್ತರ: ಪಕ್ಕದಲ್ಲಿ ನಿಂತು ಒತ್ತಾಯ ಮಾಡುವುದನ್ನು ಯಾವ ಆನ್‌ಲೈನ್ ಸಾಫ್ಟ್‌ವೇರೂ ಪೂರ್ತಿ ತಡೆಯಲಾರದು. ಒತ್ತಡದ ಭಯ ಇರುವ ಚುನಾವಣೆಗೆ ನಮ್ಮದನ್ನು ಬಳಸಬೇಡಿ ಅಂತ ಹೀಲಿಯೋಸ್ ಮಾಡಿದವರೇ ಹೇಳಿದ್ದಾರೆ. 2005ರಿಂದ ಇಂಟರ್‌ನೆಟ್ ಮತದಾನ ನಡೆಸುತ್ತಿರುವ ಎಸ್ಟೋನಿಯಾ ದೇಶದಲ್ಲಿ, ಒಮ್ಮೆ ಹಾಕಿದ ಮೇಲೂ ಮತ್ತೆ ಹಾಕಬಹುದು, ಕೊನೆಯದೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒತ್ತಾಯಕ್ಕೆ ಹಾಕಿದವರು ಆಮೇಲೆ ಒಬ್ಬರೇ ಇದ್ದಾಗ ಬದಲಿಸಿಕೊಳ್ಳಬಹುದು. ನೀವು ನೋಡಿದ ಮೂರರಲ್ಲಿ ಈ ಸೌಲಭ್ಯ ಯಾವುದರಲ್ಲಿದೆ ಕೇಳಿ.

ನಿಜವಾದ ಜಗಳಗಳು ಜಾಸ್ತಿ ಹುಟ್ಟುವುದು ಮತದಾರರ ಪಟ್ಟಿಯಲ್ಲಿ, ಸರ್. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದು ಇಮೇಲ್ ಒಂದೇ ಇರುತ್ತದೆ. ಹಳೇ ಕಚೇರಿಯ ವಿಳಾಸ ಇರುತ್ತದೆ. ಮೊಬೈಲ್ ನಂಬರ್ ಬದಲಾಗಿ ಓಟಿಪಿ ಇನ್ಯಾರಿಗೋ ಹೋಗುತ್ತದೆ. ಮತದಾನಕ್ಕೆ ಒಂದು ತಿಂಗಳು ಮುಂಚೆ, ಲಿಂಕ್ ಬರಲಿರುವ ವಿಳಾಸದಿಂದಲೇ ಎಲ್ಲರಿಗೂ ಒಂದು ಪ್ರಯೋಗದ ಮೇಲ್ ಕಳಿಸಿ. ವಾಪಸು ಬಂದವುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಸ್ಪ್ಯಾಮ್‌ಗೆ ಹೋಗಿದೆಯಾ ನೋಡಲು ಎಲ್ಲರಿಗೂ ಹೇಳಿ. ಪಟ್ಟಿಯನ್ನು ಅಭ್ಯರ್ಥಿಗಳ ಸಹಿಯೊಂದಿಗೆ ಒಂದು ದಿನ ನಿಗದಿ ಮಾಡಿ ಮುಚ್ಚಿ. ಆಮೇಲೆ ಯಾರ ಹೆಸರೂ ಸೇರಬಾರದು, ಯಾರ ವಿಳಾಸ ಬದಲಾದರೂ ಅದು ದಾಖಲೆಯಲ್ಲಿ ಇರಬೇಕು.

ಹಿರಿಯರಿಗೆ ಕಾಗದದ ಮತಪತ್ರವನ್ನು ಅಂಚೆಯಲ್ಲಿ ಕಳಿಸಿ. ಕಾಗದ ಕೇಳಿದವರ ಆನ್‌ಲೈನ್ ಲಿಂಕನ್ನು ಆಗಲೇ ರದ್ದು ಮಾಡಿಬಿಡಿ, ಎರಡು ಸಲ ಮತ ಬೀಳುವ ಪ್ರಶ್ನೆಯೇ ಬರುವುದಿಲ್ಲ. ಅವರ ಕಾಗದ ಬಂದು ಸೇರುವ ಕೊನೆಯ ದಿನವೂ ಆನ್‌ಲೈನ್ ಮುಗಿಯುವ ದಿನವೂ ಒಂದೇ ಆಗಿರಲಿ. ಆನ್‌ಲೈನ್ ಮತದಾನವನ್ನು ರಜಾ ದಿನದ ಮಧ್ಯರಾತ್ರಿ ಮುಗಿಸಬೇಡಿ. ಕೊನೆಯ ಗಂಟೆಯಲ್ಲೇ "ಲಿಂಕ್ ಬಂದಿಲ್ಲ" ಅನ್ನುವ ಕರೆಗಳು ಬರುವುದು, ಆಗ ಫೋನ್ ಎತ್ತುವವರು ಇರಬೇಕು ಅಲ್ವಾ? ಮೂರು ಕಂಪನಿಗಳ ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.