19ನೇ ಸ್ಲ್ಯಾಬ್‌ಗೆ ನಿಂತ ಟವರ್: ಬಿಲ್ಡರ್ ಕೇಳುವ ಸಹಿ ಹಾಕಬೇಕಾ?

ಪ್ರಶ್ನೆ

ಅಪ್ಪ 2016ರಲ್ಲಿ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದರು. 32 ಮಹಡಿಯ ಟವರ್. 19ನೇ ಸ್ಲ್ಯಾಬ್ ಹಾಕಿ ಕೆಲಸ ನಿಂತು ಐದು ವರ್ಷ ಆಯಿತು. ಕೇಳಿದಾಗೆಲ್ಲ "ಅಪ್ರೂವಲ್ ಪೆಂಡಿಂಗ್ ಇದೆ" ಅನ್ನುತ್ತಿದ್ದ ಬಿಲ್ಡರ್ ಹೋದ ವಾರ ಎಲ್ಲರಿಗೂ ಒಂದು ಒಪ್ಪಿಗೆ ಪತ್ರ ಕಳಿಸಿದ್ದಾರೆ. ಪ್ಲಾನ್ ಬದಲಾಗಿ ಇನ್ನೂ ನಾಲ್ಕು ಮಹಡಿ ಬರುತ್ತದಂತೆ. ಸಹಿ ಹಾಕಿದರೆ ಮೂರು ತಿಂಗಳಲ್ಲಿ ಕೆಲಸ ಶುರುವಂತೆ. ಅಪ್ಪನಿಗೆ ಈಗ 71. "ಹಾಕಿಬಿಡೋಣ ಬಿಡು" ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ, ಮೊದಲು ಏನು ನೋಡಬೇಕು?

ಒಂಬತ್ತು ವರ್ಷ ಕಾದು ಮನೆ ಹೊಕ್ಕವರು

ಮೊದಲು ಆ "ಅಪ್ರೂವಲ್ ಪೆಂಡಿಂಗ್" ಅನ್ನುವ ಮಾತನ್ನು ಬಿಡಿಸಿ ನೋಡಿ. ಅಪ್ರೂವಲ್ ಅಂದರೆ ಒಂದು ಕಾಗದ ಅಲ್ಲ, ಒಂದು ಕಂತೆ. ಪಾಲಿಕೆಯ ಪ್ಲಾನ್ ಸ್ಯಾಂಕ್ಷನ್, ಅಗ್ನಿಶಾಮಕದವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಎನ್‌ಒಸಿ, ಪರಿಸರ ಅನುಮತಿ, ಮಾಲಿನ್ಯ ಮಂಡಳಿಯ ಒಪ್ಪಿಗೆ, ನೀರಿನದ್ದು, ಕರೆಂಟಿನದ್ದು, ಕೊನೆಗೆ ರೇರಾ (ಫ್ಲ್ಯಾಟ್ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ. ಒಂದೊಂದಕ್ಕೂ ಒಂದೊಂದು ಕೊನೆಯ ದಿನಾಂಕ. ಕೆಲಸ ನಿಂತರೂ ಕಾಗದಗಳಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ ಅಲ್ವಾ?

ನಾನು ಮಾಡಿದ್ದು ಇಷ್ಟೇ. ಮಗಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ: ಯಾವ ಕಾಗದ, ಯಾರ ಹೆಸರಿಗೆ ಇದೆ, ಯಾವತ್ತಿನವರೆಗೆ. ಅದು ತುಂಬಲು ನಾಲ್ಕು ತಿಂಗಳು ಹಿಡಿಯಿತು. ತುಂಬಿದ ಮೇಲೆ ಗೊತ್ತಾಯಿತು, ನಮ್ಮಲ್ಲಿ ಒಂದು ಕಾಗದವೂ "ಪೆಂಡಿಂಗ್" ಇರಲಿಲ್ಲ. ಮೂರು ಸತ್ತುಹೋಗಿದ್ದವು, ಅವುಗಳ ನವೀಕರಣಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಅರ್ಜಿ ಹಾಕದ್ದಕ್ಕೆ ಕಾರಣ ಶುಲ್ಕ ಕಟ್ಟಲು ದುಡ್ಡಿಲ್ಲದ್ದು.

ಶುರು ಮಾಡಬೇಕಾದ್ದು ಕರ್ನಾಟಕ ರೇರಾ ವೆಬ್‌ಸೈಟಿನಿಂದ. ಪ್ರಾಜೆಕ್ಟ್ ಹೆಸರು ಹಾಕಿದರೆ ಬಿಲ್ಡರ್ ಅಪ್‌ಲೋಡ್ ಮಾಡಿದ ಪ್ಲಾನ್, ಎನ್‌ಒಸಿಗಳು, ಮೂರು ತಿಂಗಳಿಗೊಮ್ಮೆ ಕೊಡಬೇಕಾದ ವರದಿ ಎಲ್ಲ ಅಲ್ಲೇ ಇರುತ್ತವೆ. ವರದಿ ಯಾವ ತಿಂಗಳಿಗೆ ನಿಂತಿದೆ ನೋಡಿ. ನಮ್ಮ ಬಿಲ್ಡರ್ ಕೆಲಸ ನಿಲ್ಲಿಸುವ ಆರು ತಿಂಗಳ ಮೊದಲೇ ವರದಿ ನಿಲ್ಲಿಸಿದ್ದರು. ಆಗ ನೋಡಿದ್ದರೆ!

ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೊದಲು ಎರಡು ಪುಟ ಬರೆದು ಕಳಿಸಿದ್ದೆ, ಸೀದಾ ವಾಪಸ್ ಬಂತು. ಇನ್ನೊಂದು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಹಳೆ ಫೈಲ್ ಈಗ ಯಾರ ಬಳಿ ಇದೆ ಅಂತ ಕೇಳಿಕೊಂಡೇ ಅರ್ಜಿ ಹಾಕಿ.

ಇಸಿ ಅಂದಾಗ ಎಚ್ಚರ. ಸಬ್‌ ರಿಜಿಸ್ಟ್ರಾರ್ ಆಫೀಸಿನ ಋಣಭಾರ ಪತ್ರವೂ ಇಸಿ, ಪರಿಸರ ಅನುಮತಿಯೂ ಇಸಿ. ಬಿಲ್ಡರ್ ಕಡೆಯವರು "ಇಸಿ ಕ್ಲಿಯರ್ ಇದೆ" ಅಂದರು. ನಾವು ಖುಷಿಯಾದೆವು. ಅವರು ಹೇಳಿದ್ದು ಮೊದಲನೆಯದು, ನಮಗೆ ಬೇಕಿದ್ದದ್ದು ಎರಡನೆಯದು. 20,000 ಚದರ ಮೀಟರ್ ಮತ್ತು ಅದಕ್ಕಿಂತ ಜಾಸ್ತಿ ಕಟ್ಟುವ ಜಾಗ ಇದ್ದರೆ ಈ ಪರಿಸರ ಅನುಮತಿ ಬೇಕೇ ಬೇಕು. ಅದರ ಅವಧಿ ಮೊದಲು 7 ವರ್ಷ ಇತ್ತು, 2022ರ ಏಪ್ರಿಲ್‌ನಲ್ಲಿ 10 ಮಾಡಿದರು. ಕೋವಿಡ್ ವರ್ಷ, ಅಂದರೆ 2020ರ ಏಪ್ರಿಲ್ 1ರಿಂದ 2021ರ ಮಾರ್ಚ್ 31ರವರೆಗೆ, ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮದು ಯಾವ ಇಸವಿಯದ್ದೋ ನೋಡಿ ಎಣಿಸಿ. ನಾಲ್ಕು ಮಹಡಿ ಸೇರಿದರೆ ವಿಸ್ತೀರ್ಣ ಬದಲಾಗುತ್ತದೆ, ಹಳೆ ಅನುಮತಿ ಸಾಕಾಗುವುದಿಲ್ಲ. ಮೂರು ತಿಂಗಳಲ್ಲಿ ಇಷ್ಟೆಲ್ಲ ಆಗುತ್ತದೆ ಅನ್ನುವುದು ನನಗಂತೂ ನಂಬುವ ಮಾತಲ್ಲ.

ಎತ್ತರದ ಎನ್‌ಒಸಿ ನೋಡಿದಾಗ ಗಾಬರಿ ಬೀಳಬೇಡಿ. ಅದರಲ್ಲಿ ಎತ್ತರ ಸಮುದ್ರ ಮಟ್ಟದಿಂದ ಇರುತ್ತದೆ. ಬೆಂಗಳೂರೇ 900 ಮೀಟರ್ ಮೇಲಿದೆ, ಹಾಗಾಗಿ ಕಾಗದದಲ್ಲಿ ಸಾವಿರದ ಹತ್ತಿರದ ಸಂಖ್ಯೆ ಕಾಣುತ್ತದೆ. ಅದರಿಂದ ಸೈಟಿನ ನೆಲದ ಮಟ್ಟ ಕಳೆಯಿರಿ. ಉಳಿದಷ್ಟರಲ್ಲಿ ಟೆರೇಸಿನ ನೀರಿನ ಟ್ಯಾಂಕ್, ಲಿಫ್ಟ್ ರೂಮ್, ಸಿಡಿಲು ತಡೆಯುವ ಕಂಬಿ ಎಲ್ಲ ಹಿಡಿಸಬೇಕು. ನಾಲ್ಕು ಮಹಡಿಗೆ ಜಾಗ ಉಳಿದಿದೆಯೋ ಇಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಹಿ ಹಾಕಿದವರು

ನಾನು ಇಂಥದ್ದೇ ಪತ್ರಕ್ಕೆ ಸಹಿ ಹಾಕಿದೆ, ತಪ್ಪಾಗಲಿಲ್ಲ. ಹೆಚ್ಚುವರಿ ಮಹಡಿ ಮಾರಿ ಬಂದ ದುಡ್ಡಿನಲ್ಲೇ ನಮ್ಮ ಟವರ್ ಮುಗಿಯಿತು. ಆದ್ದರಿಂದ ಸುಮ್ನೆ "ಹಾಕಲೇಬೇಡಿ" ಅಂತ ಹೇಳಲಾರೆ.

ಆದರೆ ಮೊದಲು ಬಂದ ಪತ್ರಕ್ಕೆ ನಾವು ಸಹಿ ಹಾಕಲಿಲ್ಲ. ಅದರಲ್ಲಿ "ಸಂಬಂಧಪಟ್ಟ ಪ್ರಾಧಿಕಾರ ಒಪ್ಪುವ ಯಾವುದೇ ಬದಲಾವಣೆಗೆ" ಅಂತ ಇತ್ತು. ಅಂದರೆ ಖಾಲಿ ಚೆಕ್. ಹೊಸ ನಕ್ಷೆ ಲಗತ್ತಿಸಿ, ಮಹಡಿ ಸಂಖ್ಯೆ ಬರೆಯಿರಿ, ನಮ್ಮ ಯುಡಿಎಸ್ (ಜಾಗದಲ್ಲಿ ಒಂದೊಂದು ಫ್ಲ್ಯಾಟಿಗೆ ಬರುವ ಪಾಲು) ಎಷ್ಟು ಕಡಿಮೆಯಾಗುತ್ತದೆ ಹೇಳಿ, ಪಾರ್ಕಿಂಗ್ ಎಲ್ಲಿ ತೋರಿಸಿ ಅಂದೆವು. ಮನೆ ಜಾಸ್ತಿಯಾದರೆ ಅದೇ ಜಾಗದಲ್ಲಿ ಪಾಲುದಾರರು ಜಾಸ್ತಿ. ನಿಮ್ಮ ಪಾಲು ಕರಗಿಯೇ ಕರಗುತ್ತದೆ. ಹೊಸ ಮನೆ ಮಾರಿ ಬರುವ ದುಡ್ಡು ರೇರಾ ಖಾತೆಗೇ (ಈ ಪ್ರಾಜೆಕ್ಟಿನ ಕೆಲಸಕ್ಕೇ ಮೀಸಲಾದ ಬ್ಯಾಂಕ್ ಖಾತೆ) ಬರಬೇಕು ಅಂತಲೂ ಬರೆಸಿಕೊಂಡೆವು. ಖರೀದಿದಾರರಿಂದ ಬಂದ ದುಡ್ಡಿನ ಶೇ. 70 ಆ ಖಾತೆಯಲ್ಲಿ ಇರಬೇಕು ಅಂತ ಕಾನೂನೇ ಇದೆ. ಆದರೂ ಬರೆಸಿಕೊಳ್ಳಿ.

ಒಪ್ಪಿಗೆ ಬೇಕಾಗಿರುವುದು ಬಿಲ್ಡರ್‌ಗೆ, ನಿಮಗಲ್ಲ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಖರೀದಿದಾರರಲ್ಲಿ ಮೂರನೇ ಎರಡು ಭಾಗ ಜನ ಲಿಖಿತವಾಗಿ ಒಪ್ಪಬೇಕು. ಒಬ್ಬರು ಎಷ್ಟು ಫ್ಲ್ಯಾಟ್ ತೆಗೆದುಕೊಂಡಿದ್ದರೂ ಲೆಕ್ಕದಲ್ಲಿ ಒಬ್ಬರೇ. ನಮ್ಮಲ್ಲಿ ಒಬ್ಬ ಇನ್ವೆಸ್ಟರ್ ಹೆಸರಿನಲ್ಲಿ 14 ಫ್ಲ್ಯಾಟ್ ಇದ್ದವು. ಅವರನ್ನು 14 ಅಂತ ಎಣಿಸಿ ಪಟ್ಟಿ ತಂದಿದ್ದರು. ಪಟ್ಟಿ ನೋಡಿ ಪತ್ತೆ ಹಚ್ಚಿದ್ದು ನನ್ನ ಹೆಂಡತಿ.

ಒಪ್ಪಿಗೆ ಇಲ್ಲದೆ ಕಟ್ಟಿದರೆ ಏನಾಗುತ್ತದೆ ಅಂತ ನೋಯಿಡಾದ ಸೂಪರ್‌ಟೆಕ್ ಜೋಡಿ ಟವರ್ ನೆನಪಿರಬೇಕಲ್ಲ. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಟ್ಟಿರಲಿಲ್ಲ, ಅಲ್ಲಿನ ನಿವಾಸಿಗಳ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಪ್ಲಾನ್‌ಗೆ ಪ್ರಾಧಿಕಾರದ ಮುದ್ರೆ ಇತ್ತು. ಆದರೂ 2021ರಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು, 2022ರ ಆಗಸ್ಟ್ 28ರಂದು ಕೆಲವೇ ಸೆಕೆಂಡಿನಲ್ಲಿ ಎರಡೂ ನೆಲಕ್ಕೆ ಬಂದವು.

ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು

ಎಲ್ಲರೂ ಕಾಗದದ ಬಗ್ಗೆ ಹೇಳಿದಿರಿ. ನಾನು ಕಟ್ಟಡದ ಬಗ್ಗೆ ಹೇಳುತ್ತೇನೆ.

19ನೇ ಸ್ಲ್ಯಾಬ್ ಮೇಲೆ ಕಾಲಂ ಕಂಬಿಗಳು ಚಾಚಿಕೊಂಡು ನಿಂತಿರುತ್ತವೆ. ಐದು ಮಳೆಗಾಲ ನೆನೆದಿವೆ. ಕಂಬಿಗೆ ಸಿಮೆಂಟ್ ಹಾಲು ಬಳಿದಿದ್ದರಾ ಅಂತ ಕೇಳಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಕಂಬಿಯ ದಪ್ಪವೇ ಸವೆದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಅಳೆದೇ ನೋಡಬೇಕು. ಕಾಂಕ್ರೀಟಿಗೆ ಕೋರ್ ಟೆಸ್ಟ್ (ಸಣ್ಣ ತುಂಡು ಕೊರೆದು ತೆಗೆದು ನೋಡುವುದು), ಅಲ್ಟ್ರಾಸೋನಿಕ್ ಟೆಸ್ಟ್ (ಶಬ್ದದ ಅಲೆ ಹಾಯಿಸಿ ನೋಡುವುದು) ಮಾಡಿಸಿ. ಮಾಡುವವರನ್ನು ಬಿಲ್ಡರ್ ಅಲ್ಲ, ನೀವೇ ಆರಿಸಿ.

ಬೇಸ್‌ಮೆಂಟಿನಲ್ಲಿ ನೀರು ನಿಂತಿರುತ್ತದೆ, ಖಂಡಿತ. ಅದನ್ನು ಕಂಡು ಸಿಟ್ಟಿನಲ್ಲಿ "ಮೊದಲು ನೀರು ತೆಗೆಸಿ" ಅಂತ ಗಲಾಟೆ ಮಾಡಬೇಡಿ. ಸುತ್ತಲಿನ ಅಂತರ್ಜಲ ಕೆಳಗಿನಿಂದ ತಳಪಾಯವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಒಳಗಿನ ನೀರಿನ ಭಾರ ಅದಕ್ಕೆ ಎದುರು ನಿಂತಿರಬಹುದು. ಟವರ್ ಕೆಳಗೆ ತೊಂದರೆಯಿಲ್ಲ, 19 ಸ್ಲ್ಯಾಬ್ ಭಾರ ಇದೆ. ಪಕ್ಕದಲ್ಲಿ ಬರೀ ಪಾರ್ಕಿಂಗ್ ಇರುವ ಭಾಗ ಹಗುರ. ಲೆಕ್ಕ ಹಾಕದೆ ಪಂಪ್ ಹಚ್ಚಿದರೆ ಆ ನೆಲ ಉಬ್ಬಿ ಬಿರುಕು ಬಿಡಬಹುದು.

ಇನ್ನು ಆ ನಾಲ್ಕು ಮಹಡಿ. 2016ರಲ್ಲಿ ಬುಕಿಂಗ್ ಅಂದರೆ ಡಿಸೈನ್ ಅದಕ್ಕಿಂತ ಹಳೆಯದು ಇರಬೇಕು. ಭೂಕಂಪದ ಕೋಡ್ ಐಎಸ್ 1893 ಪರಿಷ್ಕರಣೆಯಾದದ್ದು 2016ರಲ್ಲಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೊಸದಾಗಿ ಬಂದದ್ದೂ ಆ ವರ್ಷವೇ. 50 ಮೀಟರ್ ದಾಟಿದ ಕಾಂಕ್ರೀಟ್ ಕಟ್ಟಡಗಳಿಗೆ ಅಂತಲೇ ಐಎಸ್ 16700 ಬಂದದ್ದು 2017ರಲ್ಲಿ. 32 ಮಹಡಿಗೆ ಹಾಕಿದ ಪಾಯ 36ನ್ನು ಹೊರುತ್ತದಾ ಅಂತ ಹೊಸ ಕೋಡಿನ ಪ್ರಕಾರ ಲೆಕ್ಕ ಮಾಡಿ, ಬೇರೆ ಇಂಜಿನಿಯರ್ ಹತ್ತಿರ ಪ್ರೂಫ್ ಚೆಕ್ ಮಾಡಿಸಿದ ವರದಿ ಇದೆಯಾ? ಇಲ್ಲದಿದ್ದರೆ ನಾನಂತೂ ಪೆನ್ನಿನ ಕ್ಯಾಪ್ ತೆಗೆಯುವುದಿಲ್ಲ.

ಹಣ ವಾಪಸ್ ಕೇಳಿದವರು

ಅಪ್ಪನಿಗೆ 71 ಅಂದಿರಿ, ಅದಕ್ಕೇ ಹೇಳುತ್ತಿದ್ದೇನೆ. ರೇರಾ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಹೊರಬರುವ ದಾರಿಯೂ ಇದೆ. ಕಟ್ಟಿದ ಹಣ, ಮೇಲೆ ಬಡ್ಡಿ. ನಮ್ಮ ರಾಜ್ಯದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ಇಟ್ಟುಕೊಂಡ ಮೂಲ ಬಡ್ಡಿ ದರ) ಮೇಲೆ ಇನ್ನೂ ಶೇ. 2. ಮನೆಯೇ ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು.

ನನಗೆ ಆದೇಶ ಸಿಕ್ಕಿ ಎರಡು ವರ್ಷ. ಕೈಗೆ ಬಂದದ್ದು ಒಂದು ಕಂತು. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಆಗಬೇಕು, ಜಪ್ತಿ ಮಾಡಲು ಅವರ ಹೆಸರಿನಲ್ಲಿ ಆಸ್ತಿ ಇರಬೇಕಲ್ಲ. ಅರ್ಜಿ ಹಾಕುವ ಮೊದಲೇ ಅದನ್ನು ಹುಡುಕಿಟ್ಟುಕೊಳ್ಳಿ.

ಸಂಘ ಕಟ್ಟಿಕೊಂಡು ಓಡಾಡಿದವರು

ರೇರಾ ನೋಂದಣಿಯ ಅವಧಿ ಮುಗಿದಿದ್ದರೆ 8ನೇ ಸೆಕ್ಷನ್ ಇದೆ. ಉಳಿದ ಕೆಲಸ ಹೇಗೆ ಮುಗಿಸಬೇಕು ಅಂತ ಪ್ರಾಧಿಕಾರವೇ ಸರ್ಕಾರದ ಜೊತೆ ಮಾತಾಡಿ ತೀರ್ಮಾನಿಸಬಹುದು. ಮೊದಲ ಅವಕಾಶ ಖರೀದಿದಾರರ ಸಂಘಕ್ಕೆ. ಓದಲು ಸಲೀಸು. ನಾವು ಎಡವಿದ್ದು ಒಂದು ಸಣ್ಣ ಪ್ರಶ್ನೆಯಲ್ಲಿ: ಪ್ಲಾನ್ ನವೀಕರಣದ ಅರ್ಜಿಗೆ ಸಹಿ ಹಾಕುವವರು ಯಾರು? ಜಾಗ ಮೂವರು ಅಣ್ಣತಮ್ಮಂದಿರದ್ದು. ಅವರು ಬಿಲ್ಡರ್‌ಗೆ ಜಂಟಿ ಅಭಿವೃದ್ಧಿ ಕರಾರು, ಜಿಪಿಎ (ತಮ್ಮ ಪರವಾಗಿ ಸಹಿ ಹಾಕಲು ಕೊಡುವ ಅಧಿಕಾರ ಪತ್ರ) ಮಾಡಿಕೊಟ್ಟಿದ್ದರು. ಒಬ್ಬ ಅಣ್ಣ ತೀರಿಕೊಂಡಿದ್ದರು. ಇವರ ಜೊತೆಗೆ ಟವರ್ ಮೇಲೆ ಸಾಲ ಕೊಟ್ಟ ಬ್ಯಾಂಕೂ ಇತ್ತು. ಇವರೆಲ್ಲ ಒಂದೇ ಟೇಬಲ್ಲಿಗೆ ಬರುವವರೆಗೆ ಯಾವ ಕಚೇರಿಯೂ ಫೈಲ್ ಮುಟ್ಟಲಿಲ್ಲ. ಅದಕ್ಕೇ ಹೇಳುವುದು, ಮೇಲೆ ಹೇಳಿದ ಆ ಹಾಳೆಯಲ್ಲಿ "ಯಾರ ಹೆಸರಿಗೆ" ಅನ್ನುವ ಕಾಲಂ ಮೊದಲು ತುಂಬಿ.

ಹೊಸ ಬಿಲ್ಡರ್ ಬರುತ್ತಾರೆ ಅಂದರೆ 15ನೇ ಸೆಕ್ಷನ್ ನೋಡಿ. ಅದಕ್ಕೂ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು, ರೇರಾದ್ದೂ ಬೇಕು. ಹೊಸಬರು ಬಂದರು ಅಂತ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ದಿವಾಳಿ ಕಾನೂನಿನ ಕಡೆ ಹೋಗುವುದಾದರೆ ಕನಿಷ್ಠ 100 ಜನ ಇಲ್ಲವೇ ಶೇ. 10ರಷ್ಟು ಖರೀದಿದಾರರು, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಕೇಸು ಒಪ್ಪಿಕೊಂಡ ದಿನದಿಂದ ಉಳಿದ ವಸೂಲಿಗಳೆಲ್ಲ ನಿಲ್ಲುತ್ತವೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ

ಎಲ್ಲರಿಗೂ ಧನ್ಯವಾದ. ಹಾಳೆ ಅರ್ಧ ತುಂಬಿದೆ. ರೇರಾ ನೋಂದಣಿ ಮುಗಿದು ಒಂದೂವರೆ ವರ್ಷ ಆಗಿದೆ. ಎತ್ತರದ ಎನ್‌ಒಸಿಯ ಲೆಕ್ಕ ಅಪ್ಪನೇ ಮಾಡಿದರು. ನೆಲದ ಮಟ್ಟ ಕಳೆದರೆ 36ನೇ ಮಹಡಿಯ ಛಾವಣಿಯೇ ಮಿತಿ ದಾಟುತ್ತದೆ, ಟ್ಯಾಂಕಿನ ಮಾತು ಆಮೇಲೆ. ಬಿಲ್ಡರ್ ಆಫೀಸಿಗೆ ಫೋನ್ ಮಾಡಿ ಕೇಳಿದೆ. "ಅದು ನಮ್ಮ ಆರ್ಕಿಟೆಕ್ಟ್ ನೋಡಿಕೊಳ್ಳುತ್ತಾರೆ ಮೇಡಂ" ಅಂದರು. ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಅಂದೆ. ಇನ್ನೂ ಬಂದಿಲ್ಲ.

ಒಪ್ಪಿಗೆ ಪತ್ರ ಟಿವಿ ಪಕ್ಕದಲ್ಲಿ ಹಾಗೇ ಇದೆ. ಅಪ್ಪ ಅದರ ಹಿಂಬದಿಯಲ್ಲಿ ಉಳಿದ ಖರೀದಿದಾರರ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದಾರೆ. ನಿನ್ನೆಗೆ 43 ಆಯಿತು.