ಕುದುರೆಗೂ 5 ಬೆಳ್ಳಿ, ನಮಗೂ 5 ಬೆಳ್ಳಿ

ಹಾಸನ: [ಫೋಟೊ: ಖರ್ಚಿನ ಶೀಟ್]

ಹಾಸನ: ಎಲ್ರೂ ನೋಡ್ಕೊಳಿ, ಶನಿವಾರದ ಆಟಕ್ಕೆ ಮುಂಚೆ ಈ ಖರ್ಚನ್ನ ನಿಮ್ ನಿಮ್ ಕ್ಯಾರೆಕ್ಟರ್ ಶೀಟಲ್ಲಿ, ಅಂದ್ರೆ ನಿಮ್ ಪಾತ್ರದ ಹಾಳೆಲಿ ಕಳೆದ್ಬಿಡಿ. ಊರಲ್ಲಿ 21 ದಿನ ಕೂತಿದ್ರಿ. ಕಂಫರ್ಟಬಲ್ ಲೈಫ್‌ಸ್ಟೈಲ್, ದಿನಕ್ಕೆ 2 ಚಿನ್ನ, ತಲಾ 42, ನಾಲ್ಕು ಜನಕ್ಕೆ 168. ಎರಡು ಕುದುರೆಗೆ ಲಾಯದ ಬಾಡಿಗೆ 21, ಮೇವಿಗೆ 2 ಚಿನ್ನ 1 ಬೆಳ್ಳಿ. ಒಟ್ಟು 191 ಚಿನ್ನ 1 ಬೆಳ್ಳಿ

ಧಾರವಾಡ: ಏನಲೇ ಇದು, ಹಾಸ್ಟೆಲ್ ಮೆಸ್ ಬಿಲ್ ಹಚ್ಚಿದಂಗ ಹಚ್ಚೀಯಲ್ಲ

ಧಾರವಾಡ: ನಾ ಪ್ಲೇಟ್ ಆರ್ಮರ್, ಉಕ್ಕಿನ ಕವಚ ತಗೋಬೇಕಂತ ರೊಕ್ಕ ಕೂಡಿಸಾಕತ್ತೇನಿ, 1500 ಚಿನ್ನ ಅದಕ್ಕ, ನನ್ನ ಹತ್ರ ಇರೋದು 1120, ಡ್ರ್ಯಾಗನ್ ಬೆಂಕಿ ಉಗುಳಿದಾಗ ನೀ ಕೊಟ್ಟ ಹಾಸಿಗಿ ದಿಂಬು ಹಿಡ್ಕೊಂಡ್ ನಿಲ್ಲಲೇನು

ಕೋಲಾರ: ಯಾವ ಏರಿಯಾ ಪಿಜಿ ಇದು? ಲಾಯ ಬೇರೆ ಇದ್ಯಾ

ಮಂಡ್ಯ: ನೀನ್ ಮಲಿಕೊ ಮಗ, ಇದು ಡಿ ಅಂಡ್ ಡಿ, ಡೈಸ್ ಹಾಕ್ಕೊಂಡು ಪಾತ್ರ ಕಟ್ಟಿ ಆಡೋ ಆಟ, ಹಾಸನ ನಡೆಸ್ತಾನೆ

ಮಂಡ್ಯ: ಹಾಸನ, ಪುಸ್ತಕ ತೆಗಿ. 2014ರ ರೂಲ್ಸ್ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಲ್ಲೇ ಛತ್ರದ ರೇಟ್ ಬೇರೆ ಕೊಟ್ಟವ್ರೆ. ಕಂಫರ್ಟಬಲ್ ರೂಮ್ ದಿನಕ್ಕೆ 8 ಬೆಳ್ಳಿ, ಊಟ 5 ಬೆಳ್ಳಿ, ಸೇರಿ 13. 21 ದಿನಕ್ಕೆ 27 ಚಿನ್ನ 3 ಬೆಳ್ಳಿ ಆಯ್ತದೆ. ನೀನು 42 ಹಾಕಿದ್ದೀಯ, ಉಳಿದಿದ್ದು ಯಾರ್ ಜೇಬಿಗೆ?

ಹಾಸನ: ಅಯ್ಯೋ ಅದು ಬರೀ ರೂಮು ಊಟ ಕಣೋ. ಲೈಫ್‌ಸ್ಟೈಲ್ ಅಂದ್ರೆ ಬಟ್ಟೆ, ಕುಡಿಯೋದು, ಕತ್ತಿ ಸಾಣೆ ಹಿಡಿಸೋದು, ಲೆದರ್ ಹರಿದ್ರೆ ಹೊಲಿಸೋದು ಎಲ್ಲಾ ಅದರಲ್ಲೇ ಬಂತು. ಹೋದ ಸಲ ನೀನು ಚರಂಡಿಲಿ ಬಿದ್ದು ಎದ್ದ್ ಬಂದ್ಯಲ್ಲ, ಆ ಕೋಟು ಒಗೆದವರು ಯಾರು

ಮಂಡ್ಯ: ನಾನ್ ಬಾರ್ಡು, ಹಾಡೋನು. ಕ್ಯಾರೆಕ್ಟರ್ ಹಿನ್ನೆಲೆ ಎಂಟರ್‌ಟೇನರ್. ದಿನಾ ರಾತ್ರಿ ಹಾಡಿದ್ರೆ ಊಟ ವಸತಿ ಫ್ರೀ ಅಂತ ಬರ್ದೈತೆ. ನನ್ ಬಿಲ್ಲು ಸೊನ್ನೆ

ಹಾಸನ: ದಿನಾ ರಾತ್ರಿ ಹಾಡಿದ್ರೆ. ನೀನು 4 ರಾತ್ರಿ ಜೂಜಾಡ್ತಾ ಕೂತಿದ್ದೆ, ನನ್ ನೋಟ್ಸಲ್ಲಿದೆ. 8 ಚಿನ್ನ ಇಡು

ಮಂಡ್ಯ: ಥೂ

ಕುಂದಾಪ್ರ: ಈಗ ನೋಡಿದೆ. ಎಂತ ಮಾರಾಯ, ಕುದುರೆ ಲಾಯಕ್ಕೆ ದಿನಕ್ಕೆ 5 ಬೆಳ್ಳಿ, ಮಾಡೆಸ್ಟ್, ಅಂದ್ರೆ ಸಾಧಾರಣ ರೂಮಿಗೂ 5 ಬೆಳ್ಳಿ ಅಂತೆ. ಅಂದ್ರೆ ಮನುಷ್ಯರೂ ಕುದುರೆಯೂ ಒಂದೇ ರೇಟಾ? ನಾನು ಲಾಯದಲ್ಲೇ ಮಲಗ್ತೇನೆ, ಹುಲ್ಲಾದ್ರೂ ಬೆಚ್ಚಗಿರ್ತದೆ

ಧಾರವಾಡ: ಇನ್ನೊಂದ್ ನೋಡು, ಒಣಾ ರೇಶನ್ ಒಂದ್ ದಿನದ್ದು 5 ಬೆಳ್ಳಿ, ಛತ್ರದಾಗ ಮಾಡೆಸ್ಟ್ ಊಟ ದಿನಕ್ಕ 3 ಬೆಳ್ಳಿ. ಗವಿಯಾಗ ಕೂತು ಒಣಾ ಮಾಂಸ ಕಡಿಯೋದಕ್ಕ ಬಿಸಿ ಊಟಕ್ಕಿಂತ ಹೆಚ್ಚಿಗಿ ರೊಕ್ಕ. ಇಂಥಾ ರೇಟ್ ಪಟ್ಟಿ ಇಟ್ಕೊಂಡು ನಮ್ಮ ಕಡೆ ವಸೂಲಿಗೆ ಬಂದಾನ

ಹಾಸನ: ಆ ಪಟ್ಟಿ ನೀವಂದಷ್ಟು ಕೆಟ್ಟದಾಗಿಲ್ಲ ಕಣ್ರೋ. ಕೂಲಿಯವನ ಸಂಬಳ ದಿನಕ್ಕೆ 2 ಬೆಳ್ಳಿ, ಪೂರ್ ಲೈಫ್‌ಸ್ಟೈಲೂ 2 ಬೆಳ್ಳಿ. ಕಸುಬು ಬಲ್ಲವನಿಗೆ 2 ಚಿನ್ನ, ಕಂಫರ್ಟಬಲ್ಲೂ 2 ಚಿನ್ನ. ಅಂದ್ರೆ ಆ ಊರಲ್ಲಿ ಕೂಲಿಯವನು ದುಡಿದಿದ್ದೆಲ್ಲ ಅವತ್ತೇ ಹೊಟ್ಟೆಗೆ ಹೋಗುತ್ತೆ, ಒಂದ್ ಬಿಡಿಗಾಸು ಉಳಿಯಲ್ಲ, ನೀವು ಗಾಯ ವಾಸಿ ಮಾಡೋ ಒಂದ್ ಹೀಲಿಂಗ್ ಪೋಷನ್‌ಗೆ 50 ಚಿನ್ನ ಬಿಸಾಕ್ತೀರ, ಅದು ಅವನ 250 ದಿನದ ಕೂಲಿ. ನಾನು ಲೆಕ್ಕ ಇಡೋದೇ ಇದಕ್ಕೆ, ಇಲ್ಲಾಂದ್ರೆ ಆ ಊರು ಬರೀ ಅಂಗಡಿ ಬೋರ್ಡ್ ಥರ ಆಗುತ್ತೆ

ಶಿರಸಿ: ಒಂದ್ನಿಮಿಷ. ನಂದ್ಯಾಕೆ 42? ನನ್ನ ಡ್ರೂಯಿಡ್, ಕಾಡಿನ ಮಂತ್ರವಾದಿ, ಊರೊಳಗೆ ಕಾಲೇ ಇಟ್ಟಿಲ್ಲ, ಊರ್ ಬಾಗ್ಲಾಚೆ ಮರದ ಕೆಳಗೆ ಇರ್ತೀನಿ ಅಂತ ಮೊದಲ್ನೇ ದಿನಾನೇ ಹೇಳಿದ್ದೆ, ಗುಡ್‌ಬೆರಿ ಮಂತ್ರ ಹಾಕಿದ್ರೆ 10 ಹಣ್ಣು, ಒಂದ್ ಹಣ್ಣು ತಿಂದ್ರೆ ಒಂದಿನದ ಊಟ ಆಯ್ತು, ಕಾಡುಮೇಡಲ್ಲಿ ಬೆಳೆದ ಔಟ್‌ಲ್ಯಾಂಡರ್ ಆಗಿರೋದ್ರಿಂದ ಕಾಡಲ್ಲಿ ನಂಗೂ ಇನ್ನೈದು ಜನಕ್ಕೂ ಊಟ ನೀರು ಹುಡುಕಿ ತರ್ತೀನಿ, ನೀವೇ ಯಾರೂ ಬರ್ಲಿಲ್ಲ, ಹಾಸ್ಟೆಲಲ್ಲಾದ್ರೂ ಊರಿಗೆ ಹೋದಾಗ ಮೆಸ್ ರಿಬೇಟ್ ಕೊಡ್ತಿದ್ರು, ನಿನ್ ಹತ್ರ ಅದೂ ಇಲ್ವಾ

ಕುಂದಾಪ್ರ: ರಿಬೇಟ್ ಕೇಳಿದ್ರೆ ಮೆಸ್ ಸೆಕ್ರೆಟರಿ ಏನ್ ಮಾಡ್ತಿದ್ದ ನೆನಪುಂಟಾ, ರಿಜಿಸ್ಟರೇ ಕಾಣೆ

ಹಾಸನ: ಮೆಸ್ ಸೆಕ್ರೆಟರಿ ನಾನೇ ಆಗಿದ್ದೆ

ಕುಂದಾಪ್ರ: ಅದಕ್ಕೇ ಹೇಳಿದ್ದು

ಹಾಸನ: ನೀವು ಅದೃಷ್ಟವಂತರು ಅಂದ್ಕೊಳಿ. 1979ರ ಹಳೇ ಡಿಎಂ ಗೈಡಲ್ಲಿ, ಅಂದ್ರೆ ಆಟ ನಡೆಸೋನ ಪುಸ್ತಕದಲ್ಲಿ, ಏನಿತ್ತು ಗೊತ್ತಾ, ಒಂದ್ ಲೆವೆಲ್‌ಗೆ ತಿಂಗಳಿಗೆ ಕಮ್ಮಿ ಅಂದ್ರೂ 100 ಚಿನ್ನ ಖರ್ಚು. ನೀವು 5ನೇ ಲೆವೆಲ್, ತಲಾ 500, ನಾಲ್ಕು ಜನಕ್ಕೆ ತಿಂಗಳಿಗೆ 2000. ಎಲ್ಲಿ ಮಲಗಿದ್ರಿ ಏನ್ ತಿಂದ್ರಿ ಅಂತ ಕೇಳೋದೂ ಇಲ್ಲ

ಧಾರವಾಡ: ಆಗಿನ ಆಟದಾಗ ನಿಧಿ ತಂದ್ರ ಒಂದ್ ಚಿನ್ನಕ್ಕ ಒಂದ್ ಎಕ್ಸ್‌ಪಿ, ಅನುಭವದ ಪಾಯಿಂಟ್ ಬರ್ತಿತ್ತಪಾ, ಲೆವೆಲ್ ಏರೋಷ್ಟೊತ್ತಿಗೆ ರೊಕ್ಕದ ರಾಶಿ ಬಿದ್ದಿರ್ತಿತ್ತು, ಅದನ್ನ ಖಾಲಿ ಮಾಡ್ಸಾಕ ಏನರೆ ದಾರಿ ಬೇಕಿತ್ತು. ನಮಗೆಲ್ಲಿ ಕೊಟ್ಟಿ ನೀ ರಾಶಿ? ಹೋದ ಗವಿಯಾಗ ಸಿಕ್ಕಿದ್ದು ಒಂದ್ ಉಂಗುರ, ಅದನ್ನೂ ಕುಂದಾಪ್ರ ಹೊಡದ

ಕುಂದಾಪ್ರ: ಹೊಡಿಲಿಲ್ಲ, ಜೋಪಾನ ಮಾಡಿದೆ

ಶಿರಸಿ: ನಾನ್ ಹೇಳಿದ್ದು ಯಾರಿಗೂ ಕಾಣ್ಲೇ ಇಲ್ಲ ಅಲ್ವಾ

ಶಿರಸಿ: ನಂಗೆ 42 ಚಿನ್ನ ಹೋಗಿದ್ದಕ್ಕೆ ಬೇಜಾರಿಲ್ಲ ಹಾಸನ. ಎಲ್ಲಿದ್ರಿ ಅಂತ ನೀನು ಕೇಳ್ಳೇ ಇಲ್ಲ, ನೀನೇ ಕಂಫರ್ಟಬಲ್ ಅಂತ ಹಾಕ್ಬಿಟ್ಟೆ. ದಿನಕ್ಕೆ 10 ಚಿನ್ನ ಚೆಲ್ಲಿ ಅರಿಸ್ಟೊಕ್ರಾಟಿಕ್ ಇದ್ದಿದ್ರೆ ದೊಡ್ಡವರ ಸಹವಾಸ, ಅವರ ಜಗಳ ಎಲ್ಲ ಮೈಮೇಲೆ ಬರ್ತಿತ್ತು, ಕೊಳಕು ಸ್ಕ್ವಾಲಿಡ್ ಜಾಗದಲ್ಲಿ ಇದ್ದಿದ್ರೆ ಜ್ವರ, ಕಳ್ಳರು, ಮತ್ತೆ ಬಂದರಲ್ಲಿ ರಾತ್ರಿ ಏನ್ ಇಳಿಯುತ್ತೆ ಅನ್ನೋ ಸುದ್ದಿ, ಅದನ್ನ ಆಡೋಕ್ ತಾನೇ ಕೂತಿರೋದು? 21 ದಿನಾನ ಒಂದ್ ಮೈನಸ್ ಗೆರೆಲಿ ಮುಗಿಸ್ಬಿಟ್ರೆ ಆ ಶೀಟು ನಮಗ್ಯಾಕೆ

ಮಂಡ್ಯ: ಸರಿಯಾಗ್ ಹೇಳ್ದೆ ಕಣಮ್ಮಿ

ಹಾಸನ: ಹ್ಮ್

ಹಾಸನ: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ಹಾಸನ: ಸರಿ, ಹಿಂಗ್ ಮಾಡಣ. ಶೀಟ್ ಕ್ಯಾನ್ಸಲ್. ಒಬ್ಬೊಬ್ರೂ ಎಲ್ಲಿದ್ರಿ, ಒಂದೇ ಲೈನಲ್ಲಿ ಹೇಳಿ, ಅದಕ್ಕೆ ತಕ್ಕಂಗೆ ಕಟ್ ಮಾಡ್ತೀನಿ. ಆದ್ರೆ ಆ ಜಾಗದಲ್ಲಿ ಏನ್ ಆಗುತ್ತೋ ಅದೂ ನಿಮ್ದೇ, ಆಮೇಲೆ ಅಳಂಗಿಲ್ಲ. ಕುದುರೆ ಬಾಡಿಗೆ ಮಾತ್ರ ಬಿಡಲ್ಲ

ಶಿರಸಿ: ಮರದ ಕೆಳಗೆ. ಸೊನ್ನೆ

ಧಾರವಾಡ: ಮಾಡೆಸ್ಟ್. ದಿನಕ್ಕ 1 ಚಿನ್ನ, 21. ನನ್ನಾಂವ ಪಾಲಡಿನ್, ಧರ್ಮದ ವೀರ ಅದಾನ, ಸ್ವಚ್ಛ ಜಾಗ ಬೇಕು. ಎರಡೂ ಕುದುರಿ ನಂದಲ್ಲ ಮತ್ತ, ಒಂದು ಮಂಡ್ಯಂದು

ಮಂಡ್ಯ: 17 ರಾತ್ರಿ ಹಾಡಿದ್ದೀನಿ, 4ಕ್ಕೆ 8 ಚಿನ್ನ. ಕುದುರೆನ ಶಿರಸಿ ಮರದ್ ಕೆಳಗೆ ಕಟ್ಟಿದ್ದೆ ಅನ್ಕೊಳಿ

ಶಿರಸಿ: ಕಟ್ಟಿರಲಿಲ್ಲ

ಕುಂದಾಪ್ರ: ನಾನು ಸ್ಕ್ವಾಲಿಡ್. ದಿನಕ್ಕೆ 1 ಬೆಳ್ಳಿ, ಒಟ್ಟು 2 ಚಿನ್ನ 1 ಬೆಳ್ಳಿ. ಕಾಂಬ, ಎಂತ ಮಾಡ್ತೀಯ ಈಗ

ಹಾಸನ: ರೂಮಿಗೆ ಬಾಗಿಲು ಇದ್ಯಾ?

ಕುಂದಾಪ್ರ: ಗೋಣಿಚೀಲ ನೇತು ಹಾಕಿದ್ದುಂಟು

ಹಾಸನ: ಸರಿ. ಡೈಸ್ ಹಾಕ್ದೆ

ಧಾರವಾಡ: ಎಷ್ಟ್ ಬಿತ್ತು

ಹಾಸನ: ಕುಂದಾಪ್ರ, ಆ ಉಂಗುರ ಯಾವ್ ಜೇಬಲ್ಲಿ ಇಟ್ಟಿದ್ದೆ?