24ರ ಫಾರ್ಮ್: ಮಧ್ಯದಲ್ಲಿ ಮನಸ್ಸು ಎಲ್ಲೋ ಹೋಗಿಬಿಡುತ್ತದೆ

ನಿಧಾನನಡಿಗೆ:
ತಾಯ್ ಚಿಯಲ್ಲಿ ಯಾಂಗ್ ಶೈಲಿಯ 24ರ ಫಾರ್ಮ್ (24 ಚಲನೆಗಳ ಸರಣಿ) ಕಲಿತು 8 ತಿಂಗಳಾಯಿತು. ಕಲಿಯುವಾಗ ಗಮನ ಚೆನ್ನಾಗಿತ್ತು. ಎಲ್ಲಾ ಮೈಗೆ ಹತ್ತಿದ ಮೇಲೆ ತೊಂದರೆ ಶುರು. ಸಿಂಗಲ್ ವಿಪ್ ಭಂಗಿಯಲ್ಲಿ ನಿಂತಿರುತ್ತೇನೆ, ಬಲಗೈ ಬೆರಳು ಕೊಕ್ಕಿನ ಹಾಗೆ ಕೂಡಿರುತ್ತವೆ. ಕ್ಲೌಡ್ ಹ್ಯಾಂಡ್ಸ್ (ಕೈಗಳನ್ನು ಮೋಡದ ಹಾಗೆ ತೇಲಿಸುತ್ತಾ ಪಕ್ಕಕ್ಕೆ ಸಾಗುವ ಚಲನೆ) ಆಯಿತೋ ಇನ್ನೂ ಮಾಡಬೇಕೋ ಗೊತ್ತೇ ಆಗುವುದಿಲ್ಲ! ನಿನ್ನೆ ಅದನ್ನು ಬಿಟ್ಟು ನೇರವಾಗಿ ಆಮೇಲೆ ಬರಬೇಕಾದ ಹೈ ಪ್ಯಾಟ್ ಚಲನೆಗೆ ಹಾರಿದೆ. ಉಸಿರು ಎಣಿಸಿ ನೋಡಿದೆ, ಇನ್ನೂ ಗೋಜಲಾಯಿತು.

ಮೂರನೇಸುತ್ತು:
ನಾನೂ ಅಲ್ಲೇ ಎಡವುತ್ತಿದ್ದೆ. ಸಿಂಗಲ್ ವಿಪ್ ಎರಡು ಸಲ ಬರುತ್ತದೆ, ನಡುವೆ ಕ್ಲೌಡ್ ಹ್ಯಾಂಡ್ಸ್. ಭಂಗಿ ಒಂದೇ ಆದ್ದರಿಂದ ಇದು ಮೊದಲನೆಯದೋ ಎರಡನೆಯದೋ ಅಂತ ಮೈಗೆ ತಿಳಿಯುವುದಿಲ್ಲ.

ಉಸಿರಿನ ಲೆಕ್ಕ ಬಿಡಿ. ಚಲನೆಗೆ ಹೊಂದಿಸಲು ಹೋಗಿ ಉಸಿರೇ ಬಿಗಿಯಾಗುತ್ತದೆ. ಗಮನವನ್ನು ಪಾದಕ್ಕೆ ತನ್ನಿ. ಕ್ಲೌಡ್ ಹ್ಯಾಂಡ್ಸ್‌ನಲ್ಲಿ ಎಲ್ಲರೂ ಕೈ ನೋಡುತ್ತಾರೆ, ನೋಡಲು ಚಂದ ಅಲ್ವಾ. ಆದರೆ ಭಾರ ಎಡಗಾಲಿಗೆ ಪೂರ್ತಿ ಹೋಗಬೇಕು, ಆಮೇಲೆ ಬಲಗಾಲನ್ನು ಎಡಗಾಲಿನ ಹತ್ತಿರ ತರಬೇಕು. ಆ ಬಲಗಾಲು ತಾನಾಗಿ ಹಗುರವಾಗಿ ಏಳುತ್ತದಾ, ನೋಡಿ. ನೆಲವನ್ನು ಒತ್ತಿ ಎತ್ತಬೇಕಾಗಿ ಬಂದರೆ ಭಾರ ಇನ್ನೂ ಅಲ್ಲೇ ಇತ್ತು ಅಂತ. ನನಗಂತೂ ಹೀಗಾದಾಗೆಲ್ಲ ತಲೆಯಲ್ಲಿ ಬೇರೆ ಏನೋ ಓಡುತ್ತಿರುತ್ತದೆ. ಒಂದು ವಾರ ಬರೀ ಕ್ಲೌಡ್ ಹ್ಯಾಂಡ್ಸ್ ಮಾಡಿ.

ನಿಧಾನನಡಿಗೆ:
ಮನಸ್ಸು ಹೋಗಿದ್ದು ಗೊತ್ತಾದಾಗ ಮೊದಲಿನಿಂದ ಶುರು ಮಾಡಬೇಕಾ?

ಮೂರನೇಸುತ್ತು:
ಬೇಡ. ಹಾಗೆ ಮಾಡಿ ಮಾಡಿ ಮೊದಲ ನಾಲ್ಕೈದು ಚಲನೆ ಮಾತ್ರ ಪಳಗುತ್ತವೆ. ಎಲ್ಲಿದ್ದೀರೋ ಅಲ್ಲೇ ಪಾದಕ್ಕೆ ಬಂದು ಮುಂದುವರಿಸಿ. ತಪ್ಪಿದ್ದಕ್ಕೆ ಬೈದುಕೊಳ್ಳುತ್ತಾ ನಿಂತರೆ ಇನ್ನೆರಡು ಚಲನೆ ಹೋಯಿತು.

ಖಾಲಿಹೆಜ್ಜೆ:
ದಿನಾ ಒಂದೇ ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡುತ್ತೀರಾ? ದಿಕ್ಕು ಬದಲಿಸಿ. ನಮಗೆ ಗೊತ್ತಿಲ್ಲದೆ ಬಾಗಿಲು, ಕಿಟಕಿಯನ್ನೇ ಗುರುತು ಮಾಡಿಕೊಂಡಿರುತ್ತೇವೆ. ಅದು ತಪ್ಪಿದಾಗ ಎಚ್ಚರ ತಾನಾಗಿ ಬರುತ್ತದೆ. ಸ್ವಲ್ಪ ದಿನಕ್ಕೆ ಹೊಸ ದಿಕ್ಕೂ ರೂಢಿಯಾಗುತ್ತದೆ, ಆಗ ಮತ್ತೆ ತಿರುಗಿ.

ನಿಧಾನನಡಿಗೆ:
9 ದಿನ ಆಯಿತು. ಗೋಡೆ ಬದಲಿಸಿದ ಮೊದಲ ದಿನ ಹೀಲ್ ಕಿಕ್ (ಹಿಮ್ಮಡಿಯ ಒದೆತ) ಯಾವ ಕಡೆಗೆ ಅಂತಲೇ ತಿಳಿಯದೆ ಸುಮ್ನೆ ನಿಂತುಬಿಟ್ಟೆ. ಪಾದದ ಉಪಾಯ ಕೆಲಸ ಮಾಡುತ್ತಿದೆ, ಹೈ ಪ್ಯಾಟ್‌ಗೆ ಹಾರುವುದು ನಿಂತಿದೆ. ಈಗ ರಿಪಲ್ಸ್ ಮಂಕಿಯಲ್ಲಿ ಕಾಟ. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹಾಕುತ್ತಾ ಮೂರಾಯಿತೋ ನಾಲ್ಕಾಯಿತೋ ಲೆಕ್ಕವೇ ಸಿಗುವುದಿಲ್ಲ.

ಮೂರನೇಸುತ್ತು:
ನಾಲ್ಕು. ಬೆನ್ನು ಗೋಡೆಗೆ ತಾಗಿದರೆ ಐದು.